ಬಾಣ ಹಾವಿನಂತೆ ಬಳುಕುವುದು ನಿಜವೇ? ಬಿಲ್ಲು ಹದಗೊಳಿಸುವುದರ ಹಿಂದಿನ ವಿಜ್ಞಾನ

ಬಿಲ್ಲಿನಿಂದ ಹೊರಟ ಬಾಣ ಹಾವಿನಂತೆ ಬಳುಕುತ್ತ ಹೋಗುವ ಸ್ಲೋ ಮೋಷನ್ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಕೆಲವರು ‘ಇದು ಗ್ರಾಫಿಕ್ಸ್’ ಎನ್ನುತ್ತಾರೆ. ಇನ್ನು ಕೆಲವರು ‘ಬಿಲ್ಲು ಇನ್ನಷ್ಟು ಬಿರುಸಾಗಿದ್ದರೆ ನೆಟ್ಟಗೆ ಹೋಗುತ್ತಿತ್ತು’ ಎನ್ನುತ್ತಾರೆ. ಎರಡೂ ತಪ್ಪು. ಒಳ್ಳೆಯ ಬಾಣವೂ ಬಳುಕುತ್ತದೆ.

ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡಿತು ಎಂಬ ಕಥೆ ಕೇಳಿ ಬೆಳೆದ ನಮಗೆ ಗುರಿ ಎಂದರೆ ಕಣ್ಣು ಮತ್ತು ಏಕಾಗ್ರತೆ. ಆದರೆ ಬಿಲ್ಲಿಗೂ ಬಾಣಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಎಂಥ ಕಣ್ಣಿದ್ದರೂ ಗುರಿ ತಪ್ಪುತ್ತದೆ.

ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯವರಿಗೆ ಇದನ್ನು ತಿಳಿಯಲು ಜೋಳದ ದಂಟು ಸಾಕು. ಉದ್ದನೆಯ ಒಣ ದಂಟಿನ ಒಂದು ತುದಿಯನ್ನು ಗೋಡೆಗೆ ಆನಿಸಿ ಇನ್ನೊಂದು ತುದಿಯಿಂದ ಜೋರಾಗಿ ತಳ್ಳಿ. ನಡುವೆ ಬಾಗುತ್ತದೆ. ಬಾಣಕ್ಕೂ ಆಗುವುದು ಇದೇ. ಹೆದೆ ಅದನ್ನು ಹಿಂದಿನಿಂದ ಒಮ್ಮೆಲೇ ತಳ್ಳುತ್ತದೆ, ಮುಂದಿನ ಮೊನೆ ತನ್ನ ಭಾರದಿಂದ ತಡೆಯುತ್ತದೆ. ಮೇಲಾಗಿ, ಹಳೆಯ ಮಾದರಿಯ ಮರದ ಬಿಲ್ಲಿನಲ್ಲಿ ಬಾಣ ಕೂರುವುದು ಹಿಡಿಯ ಪಕ್ಕದಲ್ಲಿ, ಹೆದೆ ಬರುವುದು ಹಿಡಿಯ ನಡುವಿಗೆ. ಬಾಣ ಕಬ್ಬಿಣದ ಸರಳಿನಂತೆ ಗಟ್ಟಿಯಾಗಿದ್ದರೆ ಹಿಡಿಗೆ ಒತ್ತಿಕೊಂಡು ಪಕ್ಕಕ್ಕೆ ಸಿಡಿಯುತ್ತದೆ. ಬಾಗುವುದರಿಂದಲೇ ಅದು ಹಿಡಿಯನ್ನು ಬಳಸಿಕೊಂಡು, ಗರಿ ತಾಗಿಸದೆ ಪಾರಾಗುತ್ತದೆ. ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲೇ ಹೈಸ್ಪೀಡ್ ಕ್ಯಾಮೆರಾದಿಂದ ಇದನ್ನು ಸೆರೆಹಿಡಿದಿದ್ದರು.

ಹಾಗಾದರೆ ಎಷ್ಟು ಬಾಗಬೇಕು? ಬಾಣದ ಬಿಗಿತಕ್ಕೆ ‘ಸ್ಪೈನ್’ ಎನ್ನುತ್ತಾರೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವಿಟ್ಟು, ನಡುವೆ ಸುಮಾರು 880 ಗ್ರಾಂ ತೂಕ ತೂಗುಬಿಟ್ಟಾಗ ಅದು ಅರ್ಧ ಇಂಚು ಜಗ್ಗಿದರೆ ಸ್ಪೈನ್ 500. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಗಟ್ಟಿ, ಇದು ಹಲವರಿಗೆ ಉಲ್ಟಾ ಅನ್ನಿಸುತ್ತದೆ. ಬಾಣವನ್ನು ತುಂಡರಿಸಿ ಗಿಡ್ಡ ಮಾಡಿದರೆ ಅದು ಗಟ್ಟಿಯಾಗುತ್ತದೆ. ಭಾರದ ಮೊನೆ ಹಾಕಿದರೆ ಹೆಚ್ಚು ಬಾಗುತ್ತದೆ. ಬಿಲ್ಲಿನ ಬಿರುಸು ಹೆಚ್ಚಿಸಿದರೂ ಅಷ್ಟೇ. ಅಂದರೆ ಬಿಲ್ಲನ್ನಷ್ಟೇ ಬಿರುಸು ಮಾಡಿ ಹಳೆಯ ಬಾಣವನ್ನೇ ಬಿಟ್ಟರೆ ಗುರಿ ಇನ್ನಷ್ಟು ಕೆಡಬಹುದು.

ಹದ ನೋಡುವ ಸುಲಭ ಉಪಾಯಕ್ಕೆ ಹಳೆಯ ದಿನಪತ್ರಿಕೆ ಸಾಕು. ಚೌಕಟ್ಟಿಗೆ ಕಾಗದ ಬಿಗಿದು, ಎರಡು ಮೀಟರ್ ದೂರದಿಂದ ಅದರ ಮೂಲಕ ಬಾಣ ಬಿಡುತ್ತಾರೆ. ಕಾಗದದ ಹಿಂದೆ ಬಾಣ ತಡೆಯುವ ಗಟ್ಟಿ ಗುರಿ ಇರಲೇಬೇಕು. ಒಂದು ತೂತು, ಸುತ್ತ ಗರಿಗಳ ಸೀಳು ಮಾತ್ರ ಇದ್ದರೆ ಬಾಣ ನೆಟ್ಟಗೆ ಹೋಗಿದೆ. ಮೊನೆಯ ತೂತಿಗಿಂತ ಗರಿಯ ಹರಿತ ಮೇಲಿದ್ದರೆ, ಹೆದೆಯಲ್ಲಿ ಬಾಣ ಕಚ್ಚುವ ಜಾಗವನ್ನು ತುಸು ಕೆಳಗಿಳಿಸುತ್ತಾರೆ. ಕೆಳಗಿದ್ದರೆ ಮೇಲೇರಿಸುತ್ತಾರೆ. ಪಕ್ಕಕ್ಕೆ ಹರಿದರೆ ಸ್ಪೈನ್ ಹೊಂದಿಲ್ಲ, ಇಲ್ಲವೇ ಬಾಣ ಕೂರುವ ಜಾಗ ಸರಿಯಿಲ್ಲ ಎಂದು ಮೊದಲು ಅನುಮಾನಿಸಬೇಕು.

ವಿದೇಶಿ ವಿಡಿಯೋಗಳಲ್ಲಿ ಈ ಹದಕ್ಕೆ ಅಷ್ಟು ಮಹತ್ವ ಕೊಡಲು ಕಾರಣ ಬೇಟೆಯ ಮೊನೆ. ಅದರ ಅಗಲದ ಅಲಗುಗಳು ಗಾಳಿಗೆ ಸಿಕ್ಕಿ, ಮುಂದಿನಿಂದಲೇ ಬಾಣವನ್ನು ತಿರುಗಿಸತೊಡಗುತ್ತವೆ. ಸಣ್ಣ ತಪ್ಪೂ ದೊಡ್ಡದಾಗಿ, ಪ್ರಾಣಿ ಸಾಯದೆ ಗಾಯಗೊಂಡು ನರಳುತ್ತದೆ. ಬೇಟೆಗೆ ಅನುಮತಿ ಇರುವ ದೇಶಗಳ ಮಾತಿದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಆಯುಧ ಕೋವಿಯಲ್ಲ, ಬಿಲ್ಲು ಎಂದರೂ, ಹಬ್ಬದ ನೆಪ ಹೇಳಿದರೂ ವಿನಾಯಿತಿ ಇಲ್ಲ. ಅದರಲ್ಲೂ ಘಟಪ್ರಭಾ ಪಕ್ಷಿಧಾಮ ಇರುವುದು ಇದೇ ಗೋಕಾಕ ಸೀಮೆಯಲ್ಲಿ. ಆದ್ದರಿಂದ ಆ ಅಲಗಿನ ಮೊನೆ ನಮಗೆ ಬೇಡ. ಹದಗೊಳಿಸುವ ವಿದ್ಯೆ ಮಾತ್ರ ಬಿಲ್ಲುಗಾರಿಕೆ ಕಲಿಯುವ ಮಕ್ಕಳಿಗೆ ಬೇಕೇ ಬೇಕು.

ಯಾಕೆಂದರೆ ಹದ ತಪ್ಪಿದರೆ ಗಾಯವಾಗುವುದು ಬಿಟ್ಟವರಿಗೂ ಹೌದು. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ ಶಕ್ತಿಯೆಲ್ಲ ಬಿಲ್ಲಿಗೇ ಮರಳಿ, ಅದು ಸಿಡಿಯಬಹುದು. ತೀರಾ ಹಗುರ ಬಾಣ ಹಾಕಿದರೂ ಹೆಚ್ಚುಕಡಿಮೆ ಇದೇ ಗತಿ. 50 ಪೌಂಡ್ ಬಿಲ್ಲಿಗೆ ಕನಿಷ್ಠ 16 ಗ್ರಾಂ ತೂಕದ ಬಾಣ ಇರಬೇಕೆಂಬುದು ಸಾಮಾನ್ಯ ಲೆಕ್ಕ. ಇನ್ನು ಕಾರ್ಬನ್ ಬಾಣದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ, ಬಿಟ್ಟ ಕೂಡಲೇ ಮುರಿದು ಅದರ ಚೂರುಗಳು ಬಿಲ್ಲು ಹಿಡಿದ ಕೈಗೇ ಹೊಕ್ಕುತ್ತವೆ. ಪ್ರತಿ ಸಲ ಬಿಡುವ ಮುನ್ನ ಬಾಣವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ, ಕಿವಿಗೊಟ್ಟು ಕೇಳಿ. ಚಟಪಟ ಸದ್ದು ಬಂದರೆ ಆ ಬಾಣವನ್ನು ಮುರಿದು ಎಸೆಯಿರಿ, ಬೇರೆ ಹುಡುಗರ ಕೈಗೆ ಸಿಗದಂತೆ.