ದುಬಾರಿ ಕಣ್ಣು

ಕುಕ್ ಟೌನಿನ ನಮ್ಮ ಬೀದಿಯ ತುದಿಯಲ್ಲಿ ಹೆಂಚಿನ ಮಾಡಿನ ಹಳೆಯ ಬಂಗಲೆಯೊಂದಿತ್ತು. ಅದನ್ನು ಕೆಡವುವರೆಂಬ ಸುದ್ದಿ ತಿಳಿದು, ವರ್ಷಗಳ ಉಳಿತಾಯವನ್ನು ಸುರಿದು ಕೊಂಡಿದ್ದ ನನ್ನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾದೊಡನೆ ಹೊರಟೆ. ತೆಗೆದ ಚಿತ್ರಗಳ ಆಕಾಶದ ತುಂಬ ಕಲೆಗಳು! ಬೆಳಕನ್ನು ಗ್ರಹಿಸುವ ಸಂವೇದಕದ ಮೇಲಿನ ಗಾಜು ತೇವಕ್ಕೆ ಸವೆದಿತ್ತು. ದುರಸ್ತಿಗೆಂದು ಯಂತ್ರ ಕಡಲಾಚೆ ಹೋಯಿತು. ತಿಂಗಳುಗಳ ತರುವಾಯ ಮರಳಿದಾಗ ಬಂಗಲೆಯ ಜಾಗದಲ್ಲಿ ಕಬ್ಬಿಣದ ಸರಳುಗಳು ಎದ್ದಿದ್ದವು.

ಎರಡು ಬಿಂಬಗಳನ್ನು ಒಂದಾಗಿಸಿ ದೂರವನ್ನು ಅಳೆಯುವ ಈ ಉಪಾಯ ಹಳೆಯದು, ಸೊಗಸಾದುದು. 1954ರ ಲೈಕಾ ಎಂ3 ಇಂದಿಗೂ ನುರಿತ ಕೈಗಳಲ್ಲಿ ಸರಿಹೋಗುತ್ತದೆ. ಪ್ರತಿ ಫಿಲ್ಮ್ ಸುರುಳಿಯೊಡನೆ ಅದಕ್ಕೆ ಹೊಸ ಕಣ್ಣು. 2004ರಲ್ಲಿ ಎಪ್ಸನ್ ಆರ್-ಡಿ1 ಬಂದು ಈ ಕುಲ ಡಿಜಿಟಲ್ ಆದಮೇಲೆ, ದೀರ್ಘಾಯುವಾದ ಲೋಹದ ಮೈಯೊಳಗೆ ಅಲ್ಪಾಯುವಾದ ಕಣ್ಣು ಸೇರಿಕೊಂಡಿತು. ಬಿಡಿಭಾಗ ದೊರೆಯದಾದ ದಿನ ಮೈಯೂ ವ್ಯರ್ಥ.

ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳ ಮುಂದೆ ನಿಂತವರು ಕ್ಯಾಮೆರಾದ ಬೆಲೆಯನ್ನು ಕೇಳುವುದಿಲ್ಲ. ನಾನಾದರೋ ಬೆಲೆಯನ್ನೇ ನಂಬಿದೆ. ಹಣ ಹೋದುದಕ್ಕಲ್ಲ ನನ್ನ ಅಳಲು. ಆ ದಿನಗಳಲ್ಲಿ ಜೇಬಿನಲ್ಲಿದ್ದ ಫೋನೇ ಸಾಕಾಗಿತ್ತು. ಅದನ್ನು ಹೊರತೆಗೆಯಲು ನನ್ನ ಪ್ರತಿಷ್ಠೆ ಬಿಡಲಿಲ್ಲ. ಕ್ಯಾಮೆರಾ ದುರಸ್ತಿಯಾಗಿದೆ, ಬಂಗಲೆ ಮಾತ್ರ ಮರಳಲಿಲ್ಲ.