ಎಣ್ಣಿ ಬಾಟ್ಲಿ ಬದಲಿಸೋಕಿಂತ ಮೊದಲ

ಹೋದ ವಾರ ಅರಿಷಿಣ ಕುಂಕುಮಕ್ಕ ಹೋದಾಗ ಮತ್ತ ಅದ ಮಾತು. "ಮೌಶಿ, ಹಣಿಗಿ ತುಂಬ ಕೂದಲಾ ಬರ್ತಾವ್ರಿ, ಯಾವ ಎಣ್ಣಿ ಹಚ್ಚಲಿ?" ಒಬ್ರು ಉಳ್ಳಾಗಡ್ಡಿ ರಸ ಅಂದ್ರು, ಇನ್ನೊಬ್ರು ಬೋರಿನ ನೀರಿಂದನ ಹಿಂಗಾಗ್ತದ ಅಂದ್ರು. ನಾ ಕೇಳಿದ್ದು ಒಂದ: ಮೂರು ತಿಂಗಳ ಹಿಂದ ನಿನಗೇನಾಗಿತ್ತು? ಆಕಿ ಒಂದು ಗಳಿಗಿ ಬಿಟ್ಟು, "ಡೆಂಗಿ ಆಗಿತ್ತಲ್ರಿ" ಅಂದ್ಲು.

ಅಷ್ಟ ನೋಡ್ರಿ. ದೊಡ್ಡ ಜ್ವರ, ಬಾಣಂತನ, ಆಪರೇಶನ್, ತೂಕ ಇಳಿಸ್ಲಿಕ್ಕೆ ಊಟ ಬಿಡೋದು, ಇಂಥದ್ದಾದಾಗ ಬಹಳಷ್ಟು ಕೂದಲಾ ಒಮ್ಮೆಲೇ ಬೆಳೆಯೋದು ನಿಲ್ಲಿಸಿಬಿಡ್ತಾವ. ಉದುರೋದು ಮಾತ್ರ ಎರಡು-ಮೂರು ತಿಂಗಳ ಮ್ಯಾಲೆ. ಅಷ್ಟೊತ್ತಿಗೆ ನಾವು ಜ್ವರ ಮರ್ತು ಶಾಂಪೂಕ್ಕ ಬೈತಿರ್ತೀವಿ. ನಮ್ಮ ಅತ್ತಿ, ಕೂಸು ನಗಲಿಕ್ಕೆ ಹತ್ತಿದ್ರ ತಾಯಿ ಕೂದಲಾ ಉದುರ್ತಾವ ಅಂತಿದ್ರು. ಕಾರಣ ತಪ್ಪು, ಲೆಕ್ಕ ಮಾತ್ರ ಬರೋಬ್ಬರಿ!

ದಿನಾ 50ರಿಂದ 100 ಕೂದಲಾ ಎಲ್ಲಾರಿಗೂ ಉದುರ್ತಾವ, ಅದಕ್ಕ ಹೆದರಬ್ಯಾಡ್ರಿ. ತಲಿ ತುಂಬ ಒಂದೇ ಸಮ ಉದುರಿದ್ರ ಒಂದು ಮಾತು. ರೂಪಾಯಿಯಷ್ಟು ಬೋಳಾದ್ರ, ಇಲ್ಲಾ ಬೈತಲಿ ವರ್ಷಾವರ್ಷ ಅಗಲ ಆಗ್ಲಿಕ್ಕತ್ತಿದ್ರ ಅದು ಬ್ಯಾರೆ, ಡಾಕ್ಟರ್‌ಗೆ ತೋರಸ್ರಿ.

ಇಷ್ಟು ಜೋರಾಗಿ ಯಾಕ ಹೇಳ್ತೀನಂದ್ರ, ನಂದೂ ಹಿಂಗ ಆಗಿತ್ತು. ನಾಕು ವರ್ಷದ ಹಿಂದ ನನಗ ಮುಟ್ಟು ಹತ್ತು-ಹನ್ನೆರಡು ದಿನ ಹೋಗ್ತಿತ್ತು. ನಿಲ್ಲೋ ವಯಸ್ಸು, ಹಿಂಗ ಇರ್ತದ ಅಂತ ಸುಮ್ಮನಿದ್ದೆ. ಮಾಳಿಗಿ ಮೆಟ್ಲಾ ಹತ್ತಿದ್ರ ಏದುಸಿರು, ಅದಕ್ಕೂ ಸುಮ್ಮನಿದ್ದೆ. ಬಚ್ಚಲ ಜಾಳಿಗಿ ಕೂದಲದಿಂದ ಕಟ್ಟಿದಾಗ ಮಾತ್ರ ಡಾಕ್ಟರ್ ಕಡೆ ಓಡಿದೆ! ನಾಚಿಕಿ ಬರ್ತದ, ಆದ್ರ ಖರೇ ಅದ.

ಚರ್ಮದ ಡಾಕ್ಟರು ಒಂದು ಚಿಟಿಕಿ ಕೂದಲಾ ಹಿಡಿದು ಹಗುರಕ ಎಳೆದು, ಎಷ್ಟು ಕೈಗೆ ಬಂದ್ವು ನೋಡಿದ್ರು. ಆಮ್ಯಾಲೆ ಕೇಳಿದ್ದೆಲ್ಲಾ ಮುಟ್ಟಿಂದ. ರಕ್ತ ತಪಾಸಣಿ ಮಾಡಿಸಿದ್ರ ಹಿಮೋಗ್ಲೋಬಿನ್ 7.6. ನಮಗ ಹೆಣ್ಣುಮಕ್ಕಳಿಗೆ 12 ಇರಬೇಕು. ಮೈಯಾಗಿನ ಕಬ್ಬಿಣದ ದಾಸ್ತಾನು ತೋರಸೋ ಫೆರಿಟಿನ್ನೂ ತಳ ಕಂಡಿತ್ತು. ಥೈರಾಯ್ಡ್ ಸರಿ ಇತ್ತು. ಹೆಂಗಸರ ಡಾಕ್ಟರ್ ಕಡೆ ಕಳಿಸಿದ್ರು, ಸ್ಕ್ಯಾನಿಂಗ್‌ನ್ಯಾಗ ಗರ್ಭಕೋಶದಾಗ ಗಡ್ಡಿ ಸಿಕ್ತು. ಮನ್ಯಾಗ ಯಾರೂ ನನಗ ದಣಿವ್ಯಾಕ ಅಂತ ಕೇಳಿರಲಿಲ್ಲ. ನಾನೂ ಕೇಳಿಗೊಂಡಿರಲಿಲ್ಲ, ಅವರಿಗಷ್ಟ ಬೈದ್ರ ಹ್ಯಾಂಗ?

ಅದಕ್ಕ ನಾ ಹೇಳೋದು, ಎಣ್ಣಿಗೆ ಹಾಕೋ ರೊಕ್ಕದಾಗ ಮೊದಲ ಡಾಕ್ಟರ್‌ಗೆ ತೋರಿಸಿ ರಕ್ತ ತಪಾಸ ಮಾಡಸ್ರಿ. ಕಬ್ಬಿಣದ ಗುಳಿಗಿ ಕೊಟ್ರ ಚಹಾದ ಜೋಡಿ ನುಂಗಬ್ಯಾಡ್ರಿ, ಮೈಗೆ ಹತ್ತೂದಿಲ್ಲ. ಲಿಂಬಿ ಶರಬತ್ತಿನ ಜೋಡಿ ತಗೋರಿ. ಕೂದಲಕ್ಕಂತ ಬಯೋಟಿನ್ ಗುಳಿಗಿ ನಡದಿದ್ರ ಥೈರಾಯ್ಡ್ ತಪಾಸಣಿಗಿಂತ ಮೊದಲ ಡಾಕ್ಟರ್‌ಗೆ ಹೇಳ್ರಿ, ರಿಪೋರ್ಟು ತಪ್ಪು ಬರ್ಬಹುದು.

ನನ್ನ ಕೂದಲಾ ತಿರುಗಿ ಬರ್ಲಿಕ್ಕೆ ಎಂಟು ತಿಂಗಳು ಹಿಡೀತು. ಆಗ ತಂದ ಐದು ಎಣ್ಣಿ ಬಾಟ್ಲಿ ಇನ್ನೂ ಮಾಡದಾಗ ಅವ. ನಮ್ಮನಿಯವರು ದಿನಾ ಒಂದೊಂದು ಹಚ್ಚಿಗೋತಾರ, ಅವರ ತಲ್ಯಾಗ ಉದುರ್ಲಿಕ್ಕೆ ಏನೂ ಉಳದಿಲ್ಲ ಅನ್ನೋದು ಬ್ಯಾರೆ ಮಾತು.