ಪೆಟ್ಟಿಗೆಯ ಲೆಕ್ಕ ಬಾಯಿಪಾಠಕ್ಕೆ ನಿಲ್ಲದಿರಲಿ

ಶನಿವಾರಸಂತೆಯ ಸುತ್ತಮುತ್ತ ಕಾಫಿ, ಕಾಳುಮೆಣಸು ಬೆಳೆಯುವ ಮನೆಗಳ ಮಕ್ಕಳು ಶಾಲೆಯಲ್ಲಿ ಪೆಟ್ಟಿಗೆಯ ಘನಫಲ, ಮೇಲ್ಮೈ ವಿಸ್ತೀರ್ಣ ಎರಡರ ಸೂತ್ರವನ್ನೂ ಕಲಿಯುತ್ತಾರೆ. ಆ ಎರಡನ್ನು ಬೆಸೆಯುವ ಪ್ರಶ್ನೆಯನ್ನೂ ಅವರಿಗೆ ತಪ್ಪದೆ ಕೇಳಬೇಕು. ಕಾಫಿಪುಡಿ ತುಂಬಲು 2,000 ಘನ ಸೆಂ.ಮೀ. ಜಾಗ ಬೇಕು, ರಟ್ಟು ಎಷ್ಟು ಹಿಡಿಯುತ್ತದೆ? ಚೌಕ ತಳದ ಬಾಹು ‘ಅ’ ಆದರೆ ಎತ್ತರ 2000/ಅ². ಇದನ್ನು ಎತ್ತರದ ಜಾಗದಲ್ಲಿಟ್ಟರೆ ಮೇಲ್ಮೈ 2ಅ² + 8000/ಅ. ಇಡೀ ಲೆಕ್ಕ ಒಂದೇ ಅಕ್ಷರಕ್ಕೆ ಇಳಿಯಿತು. ಬೀಜಗಣಿತದ ನಿಜವಾದ ಬಲ ಇಲ್ಲಿದೆ. ಬಾಹು 20 ಸೆಂ.ಮೀ. ಆದರೆ 1,200 ಚದರ ಸೆಂ.ಮೀ., 5 ಆದರೆ 1,650. ಮೂರೂ ಅಳತೆ ಸುಮಾರು 12.6 ಇರುವ ಘನಾಕೃತಿಗೆ 952 ಸಾಕು.

ಅಂಗಡಿಗೆ ಬರುವ ರಟ್ಟಿನ ಪೆಟ್ಟಿಗೆಗಳು ಘನಾಕೃತಿಯಲ್ಲಿರುವುದು ಕಡಿಮೆ, ಪುಸ್ತಕದ ಲೆಕ್ಕ ಸಂತೆಗೆ ಬಾರದು ಎನ್ನುವವರಿದ್ದಾರೆ. ಅವರು ಕಂಡದ್ದು ನಿಜ, ತೀರ್ಮಾನ ಸರಿಯಲ್ಲ. ಚೌಕ ತಳದ ಪೆಟ್ಟಿಗೆಯ ಮಡಿಕೆಗಳು ಒಂದರ ಮೇಲೊಂದು ಕೂತಾಗ ಮೇಲೂ ಕೆಳಗೂ ಎರಡೆರಡು ಪದರ ರಟ್ಟು ಬೇಕು. ಆಗ ಸೂತ್ರ 4ಅ² + 8000/ಅ. ಈಗ ಘನಾಕೃತಿಗೆ ಸುಮಾರು 1,270 ಬೇಕಾದರೆ, ಬಾಹು 10, ಎತ್ತರ 20 ಇರುವ ಪೆಟ್ಟಿಗೆಗೆ 1,200 ಸಾಕು. ಕನಿಷ್ಠ ಬೆಲೆ ಹುಡುಕಲು ಪಿಯುಸಿಯ ಕಲನಶಾಸ್ತ್ರ ಬರುವವರೆಗೆ ಕಾಯಬೇಕೆಂಬ ಮಾತೂ ಒಪ್ಪತಕ್ಕದ್ದಲ್ಲ. ‘ಅ’ಗೆ ಏಳೆಂಟು ಬೆಲೆ ಕೊಟ್ಟು ಕೋಷ್ಟಕ ಬರೆದರೆ, ರಟ್ಟು ಎಲ್ಲಿ ಕಡಿಮೆಯಾಗಿ ಎಲ್ಲಿಂದ ಮತ್ತೆ ಏರುತ್ತದೆಂಬುದು ಒಂಬತ್ತನೇ ತರಗತಿಯ ಹುಡುಗಿಗೂ ಕಾಣುತ್ತದೆ.